ಪೌತಿ ಖಾತೆಗೆ ಸಹಿ ಹಾಕುವ ಮುನ್ನ

ರೈತ ತೀರಿಕೊಂಡ ಮನೆಯಲ್ಲಿ ತಿಥಿ ಮುಗಿಯುತ್ತಲೇ ಖಾತೆಯ ಮಾತು ಶುರುವಾಗುತ್ತದೆ. ‘ಸದ್ಯಕ್ಕೆ ಹಿರಿಮಗನ ಹೆಸರಿಗೆ ಮಾಡಿಸೋಣ, ಆಮೇಲೆ ನೋಡಿಕೊಂಡರಾಯಿತು’ ಎನ್ನುತ್ತಾರೆ ಹಿರಿಯರು. ಆ ‘ಆಮೇಲೆ’ ಸಾಮಾನ್ಯವಾಗಿ ಬರುವುದೇ ಇಲ್ಲ. ನಾಟಿ, ಕಳೆ, ಕಟಾವು ಎಂದು ವರ್ಷಗಟ್ಟಲೆ ಗದ್ದೆಯಲ್ಲಿ ದುಡಿದ ಹೆಂಡತಿಯ ಹೆಸರು ಪಹಣಿಯ 9ನೇ ಕಾಲಂನಲ್ಲಿ ಇಲ್ಲವಾದರೆ ಬೆಳೆ ಸಾಲಕ್ಕೂ ಬರ ಪರಿಹಾರಕ್ಕೂ ಆಕೆ ಮಗನ ಮುಖ ನೋಡಬೇಕು.

ಕಾನೂನಿನ ಲೆಕ್ಕ ಬೇರೆಯೇ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಜಮೀನು ತಾಯಿ, ಹೆಂಡತಿ, ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ ಸೇರುತ್ತದೆ. ನಾಲ್ಕು ಎಕರೆ ಬಿಟ್ಟುಹೋದವನಿಗೆ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು ಇದ್ದರೆ ತಲಾ ಒಂದೊಂದು ಎಕರೆ. ಮಗಳ ಮದುವೆಗೆ ಎಷ್ಟೇ ಖರ್ಚಾಗಿರಲಿ, ಪಾಲು ಕಡಿಮೆಯಾಗದು.

ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕವು 1994ರಲ್ಲೇ ಮಗಳಿಗೆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಷರತ್ತಿಲ್ಲ. ತಿದ್ದುಪಡಿ ಜಾರಿಯಾದ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿಯ ಮೂಲಕ ಆದ ವಿಭಾಗವನ್ನು ಮತ್ತೆ ಕೆದಕಲಾಗದು.

ಪೌತಿ ಖಾತೆಗೆ ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಮರಣ ಪ್ರಮಾಣಪತ್ರ, ಪಹಣಿ, ವಂಶವೃಕ್ಷ ಬೇಕು. ಈ ಮೂರರಲ್ಲಿ ಕಣ್ಣಿಟ್ಟು ಓದಬೇಕಾದದ್ದು ವಂಶವೃಕ್ಷ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಇಲ್ಲೇ. ಭೂಕಂದಾಯ ಕಾಯ್ದೆ 1964ರ 129ನೇ ಸೆಕ್ಷನ್ ಪ್ರಕಾರ ಖಾತೆ ಬದಲಾವಣೆಗೆ ಮುನ್ನ ನೋಟಿಸ್ ಹೊರಡಬೇಕು. ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆದರೆ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅಣ್ಣನೊಬ್ಬನ ಹೆಸರಿಗೇ ಖಾತೆಯಾಗಿದ್ದರೂ ತಂಗಿಯ ಪಾಲು ಅಷ್ಟಕ್ಕೇ ಹೋಗುವುದಿಲ್ಲ; ಸಿವಿಲ್ ಕೋರ್ಟಿನಲ್ಲಿ ವಿಭಾಗ ದಾವೆ ಹೂಡಬಹುದು.

ಹಕ್ಕು ಬಿಡುಗಡೆ ಪತ್ರದ ಕಥೆ ಹಾಗಲ್ಲ. ಗೌರಿ ಹಬ್ಬದ ಬಾಗಿನದ ಜೊತೆಗೇ ‘ಒಂದು ಸಹಿ ಅಷ್ಟೇ’ ಎಂದು ಬರುವ ಕಾಗದವಿದು. ಉಪನೋಂದಣಾಧಿಕಾರಿಯ ಎದುರು ಒಮ್ಮೆ ಸಹಿ ಬಿದ್ದರೆ ಪಾಲು ಕೈಬಿಟ್ಟಂತೆಯೇ. ಅದನ್ನು ರದ್ದುಪಡಿಸಲು ಮೋಸವನ್ನೋ ಒತ್ತಾಯವನ್ನೋ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸಹಿ ಹಾಕಲೇಬೇಕೆಂಬ ಕಾನೂನಂತೂ ಇಲ್ಲ.

ಅರಣ್ಯ ಭೂಮಿಯ ಸಾಗುವಳಿದಾರರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ನೇರವಾಗಿದೆ: ವಿವಾಹಿತರಾದರೆ ಹಕ್ಕುಪತ್ರ ದಂಪತಿಯ ಜಂಟಿ ಹೆಸರಿನಲ್ಲೇ ಇರಬೇಕು. ಅರ್ಜಿಗಳನ್ನು ತೀರ್ಮಾನಿಸುವ ಗ್ರಾಮಸಭೆಯಲ್ಲಿ ಹಾಜರಿದ್ದವರ ಪೈಕಿ ಕನಿಷ್ಠ ಮೂರನೇ ಒಂದರಷ್ಟು ಮಹಿಳೆಯರಿಲ್ಲದಿದ್ದರೆ ಕೋರಂ ಇಲ್ಲ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವವರೇ ಹೆಚ್ಚು. ಆದರೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಡಿ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.