ಹೊಳೆಯ ದಂಡೆಯೂ ನಮ್ಮ ಹೊಲವೂ

ಕಡಲ್ಕೊರೆತದ ಸುದ್ದಿಯನ್ನು ಮಳೆಗಾಲ ಬಂತೆಂದರೆ ವೃತ್ತಪತ್ರಿಕೆಗಳಲ್ಲಿ ಓದುತ್ತೇವಷ್ಟೆ. ಬಯಲುಸೀಮೆಯ ನಮಗೆ ಅದರ ಗೊಡವೆ ಏತಕ್ಕೆಂದು ಸಹಪಾಠಿಗಳು ಕೇಳಬಹುದು. ಆದರೆ ನೀರು ನೆಲವನ್ನು ತಿನ್ನುವುದಕ್ಕೆ ಕಡಲೇ ಆಗಬೇಕೆಂದಿಲ್ಲ. ವರ್ಷದ ಬಹುಕಾಲ ಒಣಗಿ ಮಲಗಿರುವ ನಮ್ಮ ಜಯಮಂಗಲಿ ಹೊಳೆಯು 2022ನೆಯ ಇಸವಿಯ ಮಳೆಗಾಲದಲ್ಲಿ, ಕೊಡಿಗೇನಹಳ್ಳಿಯ ಬಳಿ, ನಮ್ಮ ಹೊಲದ ಅಂಚಿನ 8 ಗುಂಟೆಯಷ್ಟು ನೆಲವನ್ನು ಒಯ್ದಿತು. ಪಹಣಿಯಲ್ಲಿ ಆ ನೆಲ ಈಗಲೂ ಇದೆ. “ಕಾಗದದಾಗೈತೆ, ಹೋಗಿ ಉತ್ತು ಬಾ” ಎನ್ನುತ್ತಾರೆ ನಮ್ಮ ತಂದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, ಇದಕ್ಕೆ ಕಾರಣವನ್ನೂ ಪರಿಹಾರವನ್ನೂ ಓದಿ ತಿಳಿದು ಹೇಳುವ ಹೊಣೆ ನನ್ನ ಮೇಲೆ ಬಿತ್ತು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅಲ್ಲಿಯೇ ಹುಟ್ಟಿದ ಜಯಮಂಗಲಿಯಾದರೋ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾಯ್ದು, ಆಂಧ್ರದ ಪರಿಗಿಯ ಕಡೆ ಉತ್ತರ ಪಿನಾಕಿನಿಯಲ್ಲಿ ಕೂಡುತ್ತದೆ. ಇದರ ಪಾತ್ರವೆಲ್ಲ ಮರಳು. ಮರಳಿನ ಅಡಿಯಲ್ಲಿ ನಿಂತ ನೀರನ್ನು ಕಾಲುವೆ ತೋಡಿ ಹೊರಕ್ಕೆ ಹರಿಸಿಕೊಳ್ಳುವ ತಲಪರಿಗೆಗಳಿಂದಲೇ ಈ ಸೀಮೆಯ ಹಿರಿಯರು ಬೆಳೆ ತೆಗೆದರು. ಹೀಗೆ ನೀರನ್ನು ಹಿಡಿದಿಡುವ ಮರಳು ದಂಡೆಗೂ ಆಸರೆಯೆಂಬುದನ್ನು ನಾವು ಮರೆತಂತಿದೆ.

ದಂಡೆ ಕುಸಿಯುವುದು ಹೇಗೆ? ನೀರು ಪಕ್ಕದಿಂದ ಗುದ್ದಿ ಕೆಡವುತ್ತದೆಂದು ನಾನೂ ತಿಳಿದಿದ್ದೆ. ಹಾಗಲ್ಲ. ಹೊಳೆ ತಿರುಗುವಲ್ಲಿ ಹೊರಮಗ್ಗುಲಿನ ನೀರಿಗೆ ವೇಗ ಹೆಚ್ಚು. ಅದು ದಂಡೆಯ ಬುಡವನ್ನು ತೋಡುತ್ತದೆ. ಒಳಮಗ್ಗುಲಿನಲ್ಲಿ ವೇಗ ಕಡಮೆಯಾದ್ದರಿಂದ ಅಲ್ಲಿ ಮರಳು ಕೂಡುತ್ತದೆ. ಬುಡ ಟೊಳ್ಳಾದ ಮೇಲೆ ತಲೆ ತಾನಾಗಿಯೇ ಬೀಳುತ್ತದೆ. ಅದೂ ಅನೇಕ ವೇಳೆ ಪ್ರವಾಹ ಏರಿದಾಗಲ್ಲ, ಇಳಿದ ಮೇಲೆ. ನೆನೆದು ಭಾರವಾದ ಮಣ್ಣಿಗೆ ಅದುವರೆಗೆ ಹೊಳೆಯ ನೀರೇ ಒತ್ತುಗೊಟ್ಟಿರುತ್ತದೆ. ಆ ಒತ್ತು ತಟ್ಟನೆ ತಪ್ಪಿದರೆ ಮಣ್ಣು ಜಾರುತ್ತದೆ. ನಮ್ಮ ಹೊಲ ಹೋದದ್ದು ಹಾಗೆಯೇ. ಅಪಾಯ ಕಳೆಯಿತೆಂದು ಎಲ್ಲರೂ ಮನೆಗೆ ಹೋಗಿ ಮಲಗಿದ ರಾತ್ರಿ.

ಪಾತ್ರದ ಮರಳನ್ನು ತೆಗೆದಷ್ಟೂ ತಳ ಇಳಿಯುತ್ತದೆ, ದಂಡೆಯ ಎತ್ತರ ಹೆಚ್ಚುತ್ತದೆ, ಬುಡ ಬಯಲಾಗುತ್ತದೆ. ಈ ಕಾರಣದಿಂದಲೇ ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿಯು ಹೊಳೆಯ ಅಗಲದ ಕಾಲುಭಾಗದಷ್ಟು, ಕಡಮೆಯೆಂದರೂ 7.5 ಮೀಟರಿನಷ್ಟು ಜಾಗವನ್ನು ದಂಡೆಯಿಂದ ಬಿಟ್ಟು ಮರಳು ತೆಗೆಯಬೇಕೆಂದು ವಿಧಿಸಿದೆ. ರಾತ್ರಿಯಲ್ಲಿ ಬರುವ ಟ್ರಾಕ್ಟರುಗಳು ಮೀಟರು ಎಣಿಸುವುದನ್ನು ನಾನಂತೂ ಕಂಡಿಲ್ಲ. ಆ ಟ್ರಾಕ್ಟರುಗಳಲ್ಲಿ ಮಣ್ಣುಕೂಲಿಗೆ ಹೋಗುವವರು ನಮ್ಮ ಕೇರಿಯವರೇ ಆಗಿರುವುದು ಇನ್ನೊಂದು ಸಂಕಟ.

ಇನ್ನು ಪರಿಹಾರ. ಮೊದಲ ವರ್ಷ ನಮ್ಮ ದೊಡ್ಡಪ್ಪನವರು ಸಾಲ ಮಾಡಿ ದಪ್ಪ ಕಲ್ಲು ತರಿಸಿ ದಂಡೆಗೆ ಸುರಿಸಿದರು. ಕಲ್ಲುಗಳ ಸಂದಿನಿಂದ ನುಣ್ಣನೆಯ ಮಣ್ಣು ತೊಳೆದುಹೋಗಿ ಕಲ್ಲುಗಳು ಹೊಳೆಗೆ ಉರುಳಿದವು. ಉಳಿದಷ್ಟು ಕಲ್ಲಿಗೆ ಬಡಿದ ನೀರು ಅದರ ಕೊನೆಯಲ್ಲಿ ಸುಳಿಗೊಂಡು ಪಕ್ಕದವರ ಹೊಲಕ್ಕೆ ನುಗ್ಗಿತು. ಅಂದಿನಿಂದ ಎರಡು ಮನೆಗಳಿಗೂ ಮಾತಿಲ್ಲ. ಕಲ್ಲು ಹಾಕುವುದಾದರೆ ಕಡಿದಾದ ದಂಡೆಯನ್ನು ಮೊದಲು ಇಳಿಜಾರು ಮಾಡಬೇಕು. ಕಲ್ಲಿನ ಅಡಿಗೆ ಜಲ್ಲಿಯ ಹಾಸು ಬೇಕು. ಕಟ್ಟಣೆಯ ಬುಡ ಹೊಳೆಯ ತಳಕ್ಕಿಂತ ಕೆಳಗಿಳಿಯಬೇಕು. ಎರಡು ತುದಿಗಳನ್ನೂ ದಂಡೆಯೊಳಕ್ಕೆ ತಿರುಗಿಸಿ ಹೂಳಬೇಕು. ಸಣ್ಣ ಕಲ್ಲಾದರೆ ತಂತಿಯ ಬಲೆಯಲ್ಲಿ ತುಂಬಿ ಇಡುವುದುಂಟು. ನೆಲ ಕೊಂಚ ಕುಗ್ಗಿದರೂ ಬಲೆ ಬಾಗಿ ನಿಲ್ಲುತ್ತದೆ. ಇದು ಒಬ್ಬ ರೈತನ ಕೈಯಲ್ಲಾಗುವ ಕೆಲಸವಲ್ಲ, ಒಬ್ಬನು ಮಾಡತಕ್ಕದ್ದೂ ಅಲ್ಲ. ಉಳ್ಳಾಲದ ಕಡಲತೀರದಲ್ಲಿಯೂ ವರ್ಷವರ್ಷ ಬಂಡೆ ಸುರಿದು ಸಾಲದೆ, ಕೊನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಪಡೆದು, ಅಲೆಗಳ ಬಿರುಸು ದಡ ಮುಟ್ಟುವ ಮೊದಲೇ ಮುರಿಯುವಂತೆ ಕಡಲೊಳಗೇ ಒಡ್ಡುಗಳನ್ನು ಕಟ್ಟಬೇಕಾಯಿತು.

ಬಡವನ ಕೈಗೆ ಎಟುಕುವುದು ಬೇರು. ಲಾವಂಚದ ಬೇರು ಅಡ್ಡ ಹರಡದೆ ನೇರ ಕೆಳಕ್ಕೆ ಹೋಗುತ್ತದೆ; ಒಳ್ಳೆಯ ನೆಲದಲ್ಲಿ 3 ಮೀಟರಿನವರೆಗೂ ಇಳಿಯುವುದುಂಟು. ದಂಡೆಯ ಇಳಿಜಾರಿಗೆ ಅಡ್ಡಲಾಗಿ ಇದನ್ನು ಒತ್ತಾಗಿ ಸಾಲು ನೆಟ್ಟು, ಮೇಲೆ ಲಕ್ಕಿ, ಅದರ ಹಿಂದೆ ಹೊಂಗೆ ಬೆಳೆಸಬಹುದು. ಬುಡವನ್ನೇ ತೋಡುವ ತಿರುವಿನಲ್ಲಿ ಮಾತ್ರ ಕಲ್ಲಿನ ನೆರವಿಲ್ಲದೆ ಬೇರೊಂದೇ ಸಾಲದು. ನಮ್ಮಜ್ಜಿ ದಂಡೆಯ ಲಕ್ಕಿಯನ್ನು ಸೌದೆಗೆ ಕಡಿಯಗೊಡುತ್ತಿರಲಿಲ್ಲವಂತೆ. ಆಕೆಗೆ ಅಕ್ಷರ ಬಾರದು.

ಎರಡು ವರ್ಷದ ಹಿಂದೆ ನಾವೂ ಲಾವಂಚ ನೆಟ್ಟೆವು. ಅರ್ಧಪಾಲು ದನಗಳ ಬಾಯಿಗೆ ಹೋಯಿತು, ಅರ್ಧ ಹಿಡಿದಿದೆ. ಬದುವಿನ ಹೊಂಗೆಮರದಿಂದ ದಂಡೆಯವರೆಗೆ ನಮ್ಮ ತಂದೆ ಪ್ರತಿ ದೀಪಾವಳಿಗೂ ಹೆಜ್ಜೆ ಅಳೆಯುತ್ತಾರೆ. ಕಳೆದ ಸಲ 17 ಹೆಜ್ಜೆ. ಅದರ ಹಿಂದಿನ ವರ್ಷವೂ 17. ಆದರೆ ನಮ್ಮ ಹೊಲದ ಬಳಿ 2022ರಷ್ಟು ನೀರು ಆ ಬಳಿಕ ಏರಿಲ್ಲ.