ಕಾಡಿನ ಬಿಡಾರಕ್ಕೆ ಹಗುರವಾದ ಚೀಲ: ‘ಬೇಕು’ ಮತ್ತು ‘ಇರಲಿ’

ಬೇಕು, ಬೇಡ, ಸಾಕು ಮೊದಲಾದ ಕ್ರಿಯಾರ್ಥಕಾವ್ಯಯಗಳನ್ನು ನಾವು ಸಾಮಾನ್ಯವಾಗಿ ಬಾಯಿಪಾಠ ಮಾಡಿಸಿ ಮುಗಿಸುತ್ತೇವೆ. ಅದರ ಬದಲು, ಕುಟುಂಬದೊಡನೆ ಎರಡು ರಾತ್ರಿ ಕಾಡಿನಲ್ಲಿ ಬಿಡಾರ ಹೂಡಲು ಹೊರಟಿರುವಂತೆ ಭಾವಿಸಿ, ತಮ್ಮ ಚೀಲದ ಪಟ್ಟಿಯನ್ನು ಬರೆದು ತರಲು ಮಕ್ಕಳಿಗೆ ಹೇಳಿರಿ. ಪ್ರತಿ ವಸ್ತುವಿನ ಮುಂದೆ ‘ಬೇಕು’ ಅಥವಾ ‘ಇರಲಿ’ ಎಂದು ಬರೆಯುವುದು ಕಡ್ಡಾಯ.

ಈ ಪಾಠ ನನಗೆ ಹೊಳೆದುದು ತರಬೇತಿ ಕೇಂದ್ರದಲ್ಲಲ್ಲ. ಮಗಳು ಹತ್ತು ವರ್ಷದವಳಿದ್ದಾಗ ನಾವು ನಾಲ್ವರು ಸುಬ್ರಹ್ಮಣ್ಯದ ಕಡೆಯಿಂದ 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಹತ್ತಲು ಹೊರಟಿದ್ದೆವು. ಹೆಚ್ಚಿನ ಎರಡು ಜೊತೆ ಬಟ್ಟೆ, ಕಬ್ಬಿಣದ ಕಾವಲಿ, ಮೂರು ಪುಸ್ತಕ, ಇಸ್ಪೀಟಿನ ಕಟ್ಟು ಎಲ್ಲವನ್ನೂ ‘ಇರಲಿ’ ಎನ್ನುತ್ತ ತುಂಬಿದವನು ನಾನೇ. ಗಿರಿಗದ್ದೆ ತಲುಪುವ ಮೊದಲೇ ಮಗಳಿಗೆ ಉಬ್ಬಸ ಆರಂಭವಾಯಿತು. ಇನ್ಹೇಲರ್ ನನ್ನ ಚೀಲದ ತಳದಲ್ಲಿತ್ತು. ಕಾವಲಿ, ಪುಸ್ತಕ, ಹೊದಿಕೆಗಳನ್ನು ಕಾಲುದಾರಿಯಲ್ಲಿ ಎಸೆಯುತ್ತ ಅದನ್ನು ಹುಡುಕಿದ ಆ ಕೆಲವು ನಿಮಿಷಗಳು ಇಂದಿಗೂ ನನಗೆ ದೀರ್ಘವಾಗಿಯೇ ಇವೆ. ಅವಳು ಚೇತರಿಸಿಕೊಂಡಳು, ನಾವು ಶಿಖರ ನೋಡದೆ ಇಳಿದೆವು.

ತರಗತಿಯಲ್ಲಿ ಮೊದಲು ತೂಕದ ಲೆಕ್ಕ ಮಾಡಿಸಿರಿ. ಶಾಲಾಚೀಲದ ಭಾರ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದು 2020ರ ಶಾಲಾಚೀಲ ನೀತಿ ಹೇಳುತ್ತದೆ. ಅದೇ ಅಳತೆಯನ್ನು ಇಲ್ಲಿಯೂ ಹಿಡಿದರೆ 30 ಕಿಲೋ ತೂಗುವ ಮಗು ಹೊರಬಹುದಾದುದು 3 ಕಿಲೋ. ಒಂದು ಲೀಟರ್ ನೀರಿಗೇ 1 ಕಿಲೋ ಹೋಯಿತು. ಉಳಿದ ಎರಡು ಕಿಲೋದಲ್ಲಿ ಪಟ್ಟಿಯೆಲ್ಲ ಅಡಗಬೇಕು. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಬಳಿಕ ವ್ಯಾಕರಣಕ್ಕೆ ಬನ್ನಿರಿ. ‘ಬೇಕು’ ಎಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ನನಗೆ, ತಂಗಿಗೆ, ಅಜ್ಜಿಗೆ ಎಂದು ಉತ್ತರಿಸಲೇಬೇಕಾಗುತ್ತದೆ. ‘ಇರಲಿ’ ವಿಧ್ಯರ್ಥಕ ರೂಪ. ‘ಕೊಡೆ ಇರಲಿ’ ಎಂಬ ವಾಕ್ಯದಲ್ಲಿ ಕರ್ತೃ ಕೊಡೆಯೇ; ಅದನ್ನು ಹೊರುವವನು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಕಾಸರಗೋಡಿನ ತರಗತಿಗಳಲ್ಲಿ ತುಳುವಿನ ‘ಬೋಡು–ಇಪ್ಪಡ್’, ಮಲಯಾಳದ ‘ವೇಣಂ–ಇರಿಕ್ಕಟ್ಟೆ’ ಜೋಡಿಗಳನ್ನು ಮಕ್ಕಳೇ ತಂದುಕೊಡುತ್ತಾರೆ, ತಡೆಯಬೇಡಿರಿ. ಈಗ ‘ಇರಲಿ’ ಎಂದಿರುವ ಪ್ರತಿ ವಾಕ್ಯವನ್ನೂ ‘ಕೊಡೆಯನ್ನು ನಾನು ಹೊರುತ್ತೇನೆ’ ಎಂಬಂತೆ ತಿರುಗಿಸಿ ಬರೆಯಿಸಿರಿ. ಪಟ್ಟಿಯ ಬಹುಭಾಗ ಅಲ್ಲಿಯೇ ಉದುರುತ್ತದೆ. ‘ಅಪ್ಪ ಹೊರುತ್ತಾರೆ’ ಎಂದು ಬರೆಯುವ ಜಾಣರೂ ಇರುತ್ತಾರೆ. ಅಪ್ಪನ ಚೀಲದಲ್ಲಿ ಆಗಲೇ ಏನೇನಿದೆ ಎಂದು ಕೇಳಿರಿ.

ಚರ್ಚೆಗೆ ಬೇಕಾದ ತಿಳಿವಳಿಕೆ ಶಿಕ್ಷಕರಲ್ಲಿರಬೇಕು. ಹತ್ತಿಬಟ್ಟೆ ನೆನೆದರೆ ಬೇಗ ಒಣಗದು. ಉಣ್ಣೆ ತುಸು ನೆನೆದರೂ ಬೆಚ್ಚಗಿರುತ್ತದೆ. ಮೈಮೇಲೆ ಒಂದು ಜೊತೆ, ಮಲಗಲು ನೀರು ತಾಗದಂತೆ ಕಟ್ಟಿದ ಇನ್ನೊಂದು ಜೊತೆ ಸಾಕು. ಅಕ್ಕಿ ಒಯ್ದರೆ ಪಾತ್ರೆ, ಬೆಂಕಿ, ನೀರು ಮೂರೂ ಬೇಕು. ಅವಲಕ್ಕಿಗೂ ಹುರಿಹಿಟ್ಟಿಗೂ ನೀರಷ್ಟೇ ಸಾಕು. ಒಣಗಿದ ಕಾಡಿನಲ್ಲಿ ಬೆಂಕಿ ಹೊತ್ತಿಸದಿರುವುದೇ ಲೇಸು. ಬಿಡಾರ ಹೂಡುವುದು ಅರಣ್ಯ ಇಲಾಖೆ ಅನುಮತಿಸಿದ ಸ್ಥಳದಲ್ಲಿ ಮಾತ್ರ. ದಾರಿಯ ತೊರೆಯಲ್ಲಿ ಈಗ ನೀರಿದೆಯೇ ಎಂಬುದನ್ನೂ ಅಲ್ಲಿನ ಸಿಬ್ಬಂದಿಯನ್ನೇ ಕೇಳಬೇಕು. ಚಾಕು, ಹಗ್ಗ, ಪಾತ್ರೆಗಳು ಮನೆಗೊಂದು, ತಲೆಗೊಂದಲ್ಲ. ಭಾರವಾದುದು ಬೆನ್ನಿಗೆ ಒತ್ತಿ ಕೂರಬೇಕು. ಔಷಧ ಮತ್ತು ಟಾರ್ಚು ಕೈಗೆಟಕುವ ಹೊರಜೇಬಿನಲ್ಲಿ, ಯಾವ ಜೇಬೆಂಬುದು ಮನೆಯವರೆಲ್ಲರಿಗೂ ತಿಳಿದಿರಬೇಕು.

ಒಂದು ಎಚ್ಚರಿಕೆ. ಹಗುರವೆಂಬುದು ಪಂದ್ಯವಾಗಬಾರದು. ಒಂದು ತರಬೇತಿಯಲ್ಲಿ ಶಿಕ್ಷಕರ ಗುಂಪೊಂದು ಎಲ್ಲರಿಗಿಂತ ಕಡಿಮೆ ತೂಕ ತೋರಿಸಲು ಟಾರ್ಚನ್ನೇ ಕೈಬಿಟ್ಟಿತು. ನೀರು, ಔಷಧ, ಬೆಳಕು, ಬೆಚ್ಚನೆಯ ಹೊದಿಕೆ ಈ ನಾಲ್ಕನ್ನು ತೂಕಕ್ಕಾಗಿ ತೆಗೆಯಕೂಡದೆಂದು ಮೊದಲೇ ಹೇಳಿಬಿಡಿರಿ.

ಮೌಲ್ಯಮಾಪನದಲ್ಲಿ ಉಳಿದ ವಸ್ತುಗಳಿಗೆ ಅಂಕ ಕೊಡಬೇಡಿರಿ. ಬಿಟ್ಟುಬಂದ ಮೂರು ವಸ್ತುಗಳನ್ನು ಹೆಸರಿಸಿ, ಪ್ರತಿಯೊಂದನ್ನೂ ಬಿಟ್ಟುದಕ್ಕೆ ಕಾರಣವನ್ನು ಒಂದೊಂದು ಪೂರ್ಣ ವಾಕ್ಯದಲ್ಲಿ ಬರೆಯಲು ಹೇಳಿರಿ.