ಒಂದೇ ಕನೆಕ್ಟರ್, ಎರಡು ಸರ್ಕ್ಯೂಟ್: ಡೀಸೆಲ್ ಟ್ರಕ್ಕಿನ ಗ್ಲೋ ಪ್ಲಗ್ ಮತ್ತು ಇಂಜೆಕ್ಟರ್ ವೈರಿಂಗ್

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಡ; ಗಾಳಿಯನ್ನು ಒತ್ತಿ ಬಿಸಿ ಮಾಡಿ ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತೆ. ಇಷ್ಟನ್ನು ನಾವೆಲ್ಲ ಓದಿ, ಪರೀಕ್ಷೆಯಲ್ಲಿ ಬರೆದೂ ಬಂದಿದ್ದೇವೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ರಾತ್ರಿಯಿಡೀ ನಿಂತ ಟ್ರಕ್ಕಿಗೆ ಈ ಉತ್ತರ ಸಾಲದು. ಒತ್ತಡದಿಂದ ಹುಟ್ಟಿದ ಬಿಸಿಯನ್ನು ತಣ್ಣಗಿನ ಕಬ್ಬಿಣದ ಗೋಡೆಗಳೇ ಹೀರಿಕೊಂಡುಬಿಡುತ್ತವೆ. ಅದಕ್ಕೇ ಸಿಲಿಂಡರ್‌ಗೊಂದು ಗ್ಲೋ ಪ್ಲಗ್ ಅನ್ನೋ ಪುಟ್ಟ ಹೀಟರ್ ಇಡುತ್ತಾರೆ. ಎಲೆಕ್ಟ್ರಾನಿಕ್ ಎಂಜಿನ್ ಆದರೆ ಇಂಜೆಕ್ಟರ್ ತೆರೆಯೋಕೂ ಕರೆಂಟ್ ಬೇಕು. ಹಾಗಾಗಿ ಒಂದು ಸಡಿಲ ವೈರ್ ಸಾಕು, ಗಟ್ಟಿಮುಟ್ಟಾದ ಎಂಜಿನ್ ಕೂಡ ಸ್ಟಾರ್ಟ್ ಆಗದೆ ಹಟ ಹಿಡಿಯುತ್ತೆ.

ಇದನ್ನು ಕಲಿಯೋಕೆ ಒಳ್ಳೆ ಉದಾಹರಣೆ ಫೋರ್ಡ್ ಟ್ರಕ್‌ಗಳ 7.3 ಲೀಟರ್ ಪವರ್ ಸ್ಟ್ರೋಕ್ ಎಂಜಿನ್. ನವಿಸ್ಟಾರ್ ತಯಾರಿಸಿದ ಈ ವಿ-8 ಎಂಜಿನ್ 1994ರಿಂದ 2003ರವರೆಗೆ ಅಮೆರಿಕದ ಫೋರ್ಡ್ ಟ್ರಕ್‌ಗಳಲ್ಲಿ ಬಂತು. ಇದರಲ್ಲಿ ಗ್ಲೋ ಪ್ಲಗ್ ವೈರ್ ಮತ್ತು ಇಂಜೆಕ್ಟರ್ ವೈರ್ ಎರಡೂ ವಾಲ್ವ್ ಕವರ್ ಗ್ಯಾಸ್ಕೆಟ್ ಮೂಲಕವೇ ಒಳಗೆ ಹೋಗುತ್ತವೆ. 1999ರ ನಂತರದ ಮಾದರಿಗಳಲ್ಲಿ ಪ್ರತಿ ಬದಿಗೆ 9 ಪಿನ್‌ಗಳ ಒಂದೇ ಕನೆಕ್ಟರ್. ಎರಡೂ ತುದಿಯ ಎರಡೆರಡು ಪಿನ್ ನಾಲ್ಕು ಗ್ಲೋ ಪ್ಲಗ್‌ಗಳಿಗೆ, ಮಧ್ಯದ ಐದು ಇಂಜೆಕ್ಟರ್‌ಗಳಿಗೆ. ಆ ಐದರಲ್ಲಿ ನಟ್ಟನಡುವಿನದು ನಾಲ್ಕೂ ಇಂಜೆಕ್ಟರ್‌ಗಳಿಗೆ ಕಾಮನ್. ಕವರ್ ಒಳಗೆ ಬಿಸಿ ಆಯಿಲ್, ಹೊರಗೆ ಅದುರಾಟ. ವರ್ಷಗಟ್ಟಲೆ ಹೀಗೇ ಇದ್ದರೆ ಪಿನ್ ಸಡಿಲವಾಗದೆ ಇರುತ್ತಾ?

ಎರಡು ಸರ್ಕ್ಯೂಟ್‌ಗಳ ಸ್ವಭಾವ

ಗ್ಲೋ ಪ್ಲಗ್‌ನದು ಸರಳ ಲೆಕ್ಕ. ಬ್ಯಾಟರಿಯ 12 ವೋಲ್ಟ್ ರಿಲೇ ದಾಟಿ ಪ್ಲಗ್‌ಗೆ ಬಂದು ಎಂಜಿನ್ ಬಾಡಿ ಮೂಲಕ ಅರ್ಥ್ ಸೇರುತ್ತೆ. ವೋಲ್ಟೇಜ್ ಕಡಿಮೆ, ಕರೆಂಟ್ ಮಾತ್ರ ಭಾರಿ. ರಿಲೇ ಎಷ್ಟು ಹೊತ್ತು ಆನ್ ಇರಬೇಕು ಅನ್ನೋದನ್ನು ಕಂಪ್ಯೂಟರ್ ಆಯಿಲ್ ತಾಪಮಾನ ನೋಡಿ ತೀರ್ಮಾನಿಸುತ್ತೆ. ಚಳಿ ಜಾಸ್ತಿ ಇದ್ದರೆ 2 ನಿಮಿಷದವರೆಗೂ ಇರಬಹುದು. ಡ್ಯಾಶ್‌ಬೋರ್ಡಿನ 'ಸ್ಟಾರ್ಟ್ ಮಾಡಲು ಕಾಯಿರಿ' ದೀಪ ಅದಕ್ಕೂ ಮೊದಲೇ ಆರುತ್ತೆ. ದೀಪ ಉರೀತು ಅಂದ ಮಾತ್ರಕ್ಕೆ ಪ್ಲಗ್ ಕಾದಿದೆ ಅಂತ ಅರ್ಥ ಅಲ್ಲ.

ಇಂಜೆಕ್ಟರ್ ಇದರ ತದ್ವಿರುದ್ಧ. ಡ್ರೈವರ್ ಮಾಡ್ಯೂಲ್ 12 ವೋಲ್ಟನ್ನು ಸುಮಾರು 110 ವೋಲ್ಟ್‌ಗೆ ಏರಿಸಿ, ಮಿಲಿಸೆಕೆಂಡ್‌ಗಳ ಪಲ್ಸ್ ಆಗಿ ಸೊಲೆನಾಯ್ಡ್‌ಗೆ ಕಳಿಸುತ್ತೆ. ಸೊಲೆನಾಯ್ಡ್ ತೆರೆದಾಗ ಒತ್ತಡದ ಎಂಜಿನ್ ಆಯಿಲ್ ಒಳನುಗ್ಗಿ ಡೀಸೆಲನ್ನು ಸಿಲಿಂಡರ್‌ಗೆ ತಳ್ಳುತ್ತೆ. ಈ 110 ವೋಲ್ಟ್ ಆಟದ ಮಾತಲ್ಲ. ಎಂಜಿನ್ ಓಡುವಾಗ ಇಂಜೆಕ್ಟರ್ ವೈರ್ ಮುಟ್ಟಬಾರದು, ಚುಚ್ಚಿ ನೋಡಲೂಬಾರದು. ಕೆಳಗಿನ ಓಮ್ ಅಳತೆಗಳೆಲ್ಲ ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿದ ಮೇಲೆ.

ಮೊದಲು ಲಕ್ಷಣ, ಆಮೇಲೆ ಮೀಟರ್

ಚಳಿಯಲ್ಲಿ ಮಾತ್ರ ತುಂಬಾ ಹೊತ್ತು ಕ್ರ್ಯಾಂಕ್ ಮಾಡಬೇಕು, ಸ್ಟಾರ್ಟ್ ಆದಮೇಲೆ ಬಿಳಿ ಹೊಗೆ, ಬಿಸಿಯಾದ ಮೇಲೆ ಎಲ್ಲ ಸರಿ. ಹೀಗಿದ್ದರೆ ಗ್ಲೋ ಪ್ಲಗ್ ಕಡೆ ಅನುಮಾನ. ಬಿಸಿಯಾದ ಮೇಲೂ ಎಂಜಿನ್ ಕುಂಟುತ್ತಿದ್ದರೆ ಇಂಜೆಕ್ಟರ್ ಕಡೆ ನೋಡೋಣ. ಒಂದು ಸಿಲಿಂಡರ್ ಮಾತ್ರ ಸತ್ತಿದ್ದರೆ ಅದರದೇ ಪಿನ್ ಅಥವಾ ಸೊಲೆನಾಯ್ಡ್. ಒಂದು ಬದಿಯ ನಾಲ್ಕೂ ಒಟ್ಟಿಗೆ ನಿಂತರೆ ಕಾಮನ್ ವೈರ್ ಅಥವಾ ಕನೆಕ್ಟರೇ ಮೇಲೆದ್ದಿರಬಹುದು. ನಾಲ್ಕು ಇಂಜೆಕ್ಟರ್ ಒಂದೇ ದಿನ ಕೆಡೋದು ಅಪರೂಪ. ಇನ್ನೊಂದು ಮಾತು: ಸೋತ ಬ್ಯಾಟರಿ, ಚಳಿಗೆ ಗಟ್ಟಿಯಾದ ಆಯಿಲ್ ಕೂಡ ಇಂಥದ್ದೇ ತೊಂದರೆ ಕೊಡುತ್ತವೆ. ಅವನ್ನು ಮೊದಲು ನೋಡಿಕೊಳ್ಳಬೇಕು.

ಅಳತೆಯ ಕ್ರಮ

1. ರಿಲೇ: ಎಂಜಿನ್ ತಣ್ಣಗಿರುವಾಗ ಕೀ ಆನ್ ಮಾಡಿ, ಎರಡು ದೊಡ್ಡ ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಅಳೆಯಿರಿ. ಹತ್ತಿರ ಹತ್ತಿರ ಸೊನ್ನೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಅಂತ ಲೆಕ್ಕ. 'ಟಕ್' ಅಂತ ಸದ್ದು ಬಂತಲ್ಲ ಅಂತ ಬಿಟ್ಟುಬಿಡಬೇಡಿ. ಸದ್ದು ಕಾಯಿಲ್‌ನದು, ಕಾಂಟ್ಯಾಕ್ಟ್‌ನದಲ್ಲ.

2. ಗ್ಲೋ ಪ್ಲಗ್: ಕನೆಕ್ಟರ್ ಬಿಚ್ಚಿ, ಎಂಜಿನ್ ಕಡೆಯ ಒಂದೊಂದು ಪಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಓಮ್ ನೋಡಿ. ಸರಿಯಿರುವ ಪ್ಲಗ್ ಸುಮಾರು 1 ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತೆ. ಮೀಟರ್ ಲೀಡ್‌ಗಳ ರೆಸಿಸ್ಟೆನ್ಸ್ ಕಳೆಯೋದು ಮರೆಯಬಾರದು. ಓಪನ್ ಬಂದರೆ ಪ್ಲಗ್ ಸತ್ತಿದೆ ಅಂತ ತಕ್ಷಣ ಹೇಳೋಕಾಗಲ್ಲ. ವಾಲ್ವ್ ಕವರ್ ತೆಗೆದು ಪ್ಲಗ್ ತಲೆಯಲ್ಲೇ ಅಳೆಯಬೇಕು. ಅಲ್ಲಿ ಸರಿ ಬಂದರೆ ತಪ್ಪು ನಡುವಿನ ಹಾರ್ನೆಸ್‌ನದು.

3. ಇಂಜೆಕ್ಟರ್: ಅದರ ಪಿನ್‌ನಿಂದ ಕಾಮನ್ ಪಿನ್‌ಗೆ ಕೆಲವೇ ಓಮ್ ಬರಬೇಕು, ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಪಿನ್‌ನಿಂದ ಅರ್ಥ್‌ಗೆ ಓಪನ್ ಇರಲೇಬೇಕು. ಇಲ್ಲಾಂದ್ರೆ ಎಲ್ಲೋ ವೈರಿನ ಇನ್ಸುಲೇಷನ್ ಉಜ್ಜಿ ಹೋಗಿದೆ.

4. ಬಜ್ ಟೆಸ್ಟ್: ಎಲ್ಲ ಮತ್ತೆ ಜೋಡಿಸಿ, ಎಂಜಿನ್ ನಿಂತಿರುವಾಗಲೇ ಸ್ಕ್ಯಾನರ್‌ನಿಂದ ಇಂಜೆಕ್ಟರ್‌ಗಳನ್ನು ಒಂದೊಂದಾಗಿ ಝೇಂಕರಿಸುವಂತೆ ಮಾಡಬಹುದು. ಸದ್ದು ಬಾರದ ಕಡೆ ವೈರಿಂಗ್ ನೋಡಿ. ಸದ್ದು ಸರಿಯಿದ್ದೂ ಎಂಜಿನ್ ಕುಂಟಿದರೆ ತೊಂದರೆ ಮೆಕ್ಯಾನಿಕಲ್ ಇರಬಹುದು.

'12 ವೋಲ್ಟ್ ಬರ್ತಿದೆಯಲ್ಲ!'

ಎಲ್ಲರೂ ಎಡವೋದು ಇಲ್ಲೇ. ಬಿಸಿಯಾದ ಗ್ಲೋ ಪ್ಲಗ್ 1 ಓಮ್ ಅಂತಿಟ್ಟುಕೊಳ್ಳಿ. 12 ವೋಲ್ಟ್‌ಗೆ 12 ಆಂಪಿಯರ್, 144 ವಾಟ್. ಈಗ ಸಡಿಲ ಪಿನ್‌ನಲ್ಲಿ ಬರೀ ಅರ್ಧ ಓಮ್ ಸೇರಿತು ಅನ್ನೋಣ. ಒಟ್ಟು 1.5 ಓಮ್, ಕರೆಂಟ್ 8 ಆಂಪಿಯರ್. ಪ್ಲಗ್‌ಗೆ ಸಿಗೋದು 64 ವಾಟ್ ಮಾತ್ರ, ಅರ್ಧಕ್ಕಿಂತ ಕಡಿಮೆ! ಉಳಿದ 32 ವಾಟ್ ಆ ಪುಟ್ಟ ಪಿನ್‌ನಲ್ಲೇ ಬಿಸಿಯಾಗುತ್ತೆ. ಕನೆಕ್ಟರ್ ಪ್ಲಾಸ್ಟಿಕ್ ಕರಗಿ ಕಪ್ಪಾಗೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಆದರೆ ಪ್ಲಗ್ ಬಿಚ್ಚಿ ಆ ವೈರ್‌ಗೆ ಮೀಟರ್ ಇಟ್ಟರೆ ಪೂರಾ 12 ವೋಲ್ಟ್ ತೋರಿಸುತ್ತೆ. ಮೀಟರ್ ಎಳೆಯೋ ಕರೆಂಟ್ ಅಷ್ಟು ಕಡಿಮೆ. ಕರೆಂಟೇ ಹರಿಯದಿದ್ದರೆ ವೋಲ್ಟೇಜ್ ಡ್ರಾಪ್ ಎಲ್ಲಿಂದ ಬರಬೇಕು? ಅದಕ್ಕೇ ಲೋಡ್ ಇರುವಾಗಲೇ ಅಳೆಯಬೇಕು. ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ: ರಿಲೇಯಿಂದ ಹೊರಡುವ ಕೇಬಲ್‌ಗಳಲ್ಲಿ ಎರಡು ಬದಿಯ ಕರೆಂಟನ್ನು ಹೋಲಿಸಿದರೆ, ಯಾವ ಬದಿ ಸೊರಗಿದೆ ಅಂತ ಕವರ್ ಬಿಚ್ಚದೆ ತಿಳಿಯುತ್ತೆ.

ರಿಪೇರಿ ಮತ್ತು ಒಂದು ಎಚ್ಚರಿಕೆ

ಪಿನ್ ಸುಟ್ಟಿದ್ದರೆ ಉಜ್ಜಿ ಹಾಕೋದು ನಾಲ್ಕು ದಿನದ ಮಾತು. ಗ್ಯಾಸ್ಕೆಟ್, ಒಳ ಹಾರ್ನೆಸ್, ಹೊರ ಕನೆಕ್ಟರ್ ಮೂರನ್ನೂ ಒಟ್ಟಿಗೆ ಬದಲಿಸೋದು ಒಳ್ಳೇದು. ಹಳೆ ಸಾಕೆಟ್ ಹೊಸ ಪಿನ್ನನ್ನೂ ಸುಡುತ್ತೆ. ಕನೆಕ್ಟರ್ ಪೂರ್ತಿ ಕೂತು ಲಾಕ್ ಆಗಿದೆಯಾ ಅಂತ ಕೈಯಲ್ಲೇ ಎಳೆದು ನೋಡಿ.

ಸ್ಟಾರ್ಟ್ ಆಗದ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯೋ ಅಭ್ಯಾಸ ಕೆಲವರಿಗಿದೆ. ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಇದು ಬೇಡವೇ ಬೇಡ. ಕಾದ ಪ್ಲಗ್‌ಗೆ ತಾಗಿದರೆ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಹುದು.

ಎಂಟು ಇಂಜೆಕ್ಟರ್‌ಗಳ ಬೆಲೆ ಎಲ್ಲಿ, ಒಂದು ಹಾರ್ನೆಸ್ ಬೆಲೆ ಎಲ್ಲಿ? ಅಳೆಯದೆ ಪಾರ್ಟ್ ಬದಲಿಸಿದರೆ ಟ್ರಕ್ ನಂಬಿ ದುಡಿಯುವವರ ಜೇಬಿಗೆ ಕತ್ತರಿ; ಆಮೇಲೂ ಸಡಿಲ ಪಿನ್ ಅಲ್ಲೇ ಇರುತ್ತೆ. ಮೊದಲ ಸೆಮಿಸ್ಟರ್‌ನಲ್ಲಿ ಓದಿದ ಓಮ್‌ನ ನಿಯಮ ಕೆಲಸಕ್ಕೆ ಬರೋದು ಇಂಥ ಕಡೆಯೇ. ಮುಂದಿನ ಸಲ ಯಾವುದೇ ವಾಹನದಲ್ಲಿ 'ವೋಲ್ಟೇಜ್ ಬರ್ತಿದೆ, ಪಾರ್ಟೇ ಹೋಗಿದೆ' ಅಂತ ಯಾರಾದರೂ ಅಂದರೆ, ಒಂದೇ ಪ್ರಶ್ನೆ ಕೇಳೋಣ: ಲೋಡ್ ಇರುವಾಗ ಅಳೆದ್ರಾ?